ಕೇರಂ ಬೋರ್ಡಿನ ಕಾಲು ಭಾಗ

ಮೂರು ಗ್ರಾಮ ಪಂಚಾಯತುಗಳೂ ಒಂದು ಬ್ಲಾಕ್ ಪಂಚಾಯತೂ ಒಟ್ಟು ಸೇರಿ ಯುವಕರಿಗೆ ಏನಾದರೂ ಮಾಡೋಣ ಅಂತ ಹೊರಟರೆ, ಮೊದಲು ಆಗುವುದು ಯುವಕರಿಗೆ ವಯಸ್ಸು.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳಿವೆ. 6 ಬ್ಲಾಕ್, 3 ನಗರಸಭೆ, ಎಲ್ಲದರ ಮೇಲೆ ಒಂದು ಜಿಲ್ಲಾ ಪಂಚಾಯತು. ನಾನು ಹೇಳುತ್ತಿರುವ ಮೂರು ಯಾವುದು ಅಂತ ಕೇಳಬೇಡಿ. ಮಂಜೇಶ್ವರದಿಂದ ದೇಲಂಪಾಡಿವರೆಗೆ ಯಾರನ್ನು ವಿಚಾರಿಸಿದರೂ "ನಮ್ಮದಲ್ಲ ಮಾರ್ರೆ, ಪಕ್ಕದವರದ್ದು" ಅನ್ನುತ್ತಾರೆ. ಹಾಗಾಗಿ ಇದು ಎಲ್ಲರ ಪಕ್ಕದ ಪಂಚಾಯತಿನ ಕತೆ ಅಂತಲೇ ಇಟ್ಟುಕೊಳ್ಳಿ.

ಯೋಜನೆ ಚಂದವೇ. ಪ್ರತಿ ಪಂಚಾಯತೂ ತನ್ನದೇ ಒಂದು ಯುವಜನ ಕೇಂದ್ರ ಮಾಡುವಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ. ಎಲ್ಲರೂ ಪಾಲು ಹಾಕಿದರೆ ಒಂದು ಒಳ್ಳೆಯ ಕೇಂದ್ರ ಆಗುತ್ತದೆ. ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ ಒಂದು ಕೋಣೆ, ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಸಂಜೆ ಆಡಲಿಕ್ಕೆ ಏನಾದರೂ. ಗಾಂಜಾ, ಎಂಡಿಎಂಎ ಅಂತ ಹಾಳಾಗುತ್ತಿರುವ ಹುಡುಗರ ಹತ್ತಿರ ಕೂತು ಮಾತಾಡಲಿಕ್ಕೆ ಒಬ್ಬರು ಆಪ್ತ ಸಮಾಲೋಚಕಿ. 1996ರಲ್ಲಿ ಜನಕೀಯಾಸೂತ್ರಣ, ಅಂದರೆ ಊರಿನ ಜನರೇ ಯೋಜನೆ ಮಾಡುವ ಪದ್ಧತಿ, ಬಂದ ಮೇಲೆ ಕೇರಳದ ಪಂಚಾಯತುಗಳ ಕೈಗೆ ಯೋಜನೆಯ ದುಡ್ಡೂ ಬಂತು. ಹೀಗೆ ಒಟ್ಟು ಸೇರಿ ಕೆಲಸ ಮಾಡಲಿಕ್ಕೆ ದಾರಿಯೂ ಇದೆ. ದಾರಿ ಇದೆ ಅಂದಕೂಡಲೇ ಬಸ್ ಬರುತ್ತದೆ ಅಂತ ಅರ್ಥ ಅಲ್ಲ, ಅಲ್ವಾ?

ಗ್ರಾಮಸಭೆಯಲ್ಲಿ ಬೇಡಿಕೆ ಬರಬೇಕು. ವರ್ಕಿಂಗ್ ಗ್ರೂಪ್ ಕರಡು ಮಾಡಬೇಕು. ವಿಕಸನ (ಅಭಿವೃದ್ಧಿ) ಸೆಮಿನಾರಿನಲ್ಲಿ ಚರ್ಚೆ ಆಗಬೇಕು. ಆಡಳಿತ ಸಮಿತಿಯಲ್ಲಿ ನಿರ್ಣಯ ಆಗಬೇಕು. ಆಮೇಲೆ ಜಿಲ್ಲಾ ಯೋಜನಾ ಸಮಿತಿ ಒಪ್ಪಬೇಕು. ಒಂದು ಪಂಚಾಯತು ಒಂದು ಮೋರಿ ಹಾಕಲಿಕ್ಕೂ ಇದೇ ದಾರಿ. ಜಂಟಿ ಯೋಜನೆ ಅಂದರೆ ಇದಿಷ್ಟನ್ನೂ ಎಲ್ಲರೂ ತಂತಮ್ಮ ಮನೆಯಲ್ಲಿ ಮಾಡಿಕೊಂಡು ಬರಬೇಕು. ಮೂವರು ಮಾಡಿ ಒಬ್ಬರು ಮರೆತರೆ ಮೂವರೂ ಕಾಯಬೇಕು. ಕಾಯುತ್ತಾ ಇರುವಾಗ ಮಾರ್ಚ್ 31 ಬರುತ್ತದೆ. ಯೋಜನೆ 'ಸ್ಪಿಲ್ ಓವರ್' ಅಂತ ಬರೆಸಿಕೊಂಡು ಮುಂದಿನ ವರ್ಷಕ್ಕೆ ಹೋಗುತ್ತದೆ.

ಪಾಲು ಹೇಗೆ ಹಾಕುವುದು ಅಂತ ಮೀಟಿಂಗ್ ಕರೆದರು.

"ಸಮ ಸಮ ಹಾಕುವ" ಅಂದರು ಒಂದನೇ ಪಂಚಾಯತಿನ ಪ್ರೆಸಿಡೆಂಟ್. ಅವರದ್ದು ದೊಡ್ಡ ಪಂಚಾಯತು.

"ಜನಸಂಖ್ಯೆ ನೋಡಿ ಹಾಕುವ" ಅಂದರು ಎರಡನೆಯವರು. ಅವರದ್ದು ಸಣ್ಣದು.

"ಕೇಂದ್ರ ಯಾರ ಜಾಗದಲ್ಲಿ ಆಗುತ್ತದೋ ಅವರು ಜಾಸ್ತಿ ಹಾಕಲಿ" ಅಂದರು ಮೂರನೆಯವರು. ಅವರ ಹತ್ತಿರ ಜಾಗವೇ ಇಲ್ಲ.

ಬ್ಲಾಕಿನವರು ಮಾತ್ರ ದೊಡ್ಡ ಮನಸ್ಸು ಮಾಡಿದರು. "ನಾವು ಮೇಲ್ವಿಚಾರಣೆ ಹಾಕುತ್ತೇವೆ" ಅಂದರು.

ಅಣ್ಣತಮ್ಮಂದಿರ ಪಾಲಿನ ಅಡಿಕೆ ತೋಟದಲ್ಲಿ ಕೊಯ್ಲಿನ ದಿನ ಎಲ್ಲರೂ ಇರುತ್ತಾರೆ, ಮದ್ದು ಬಿಡುವ ದಿನ ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ಮಂಗಳೂರಲ್ಲಿ ಮದುವೆ. ಇಲ್ಲಿಯೂ ಹಾಗೇ. ಉದ್ಘಾಟನೆ ಯಾರು ಮಾಡುವುದು ಎಂಬ ವಿಷಯಕ್ಕೆ ಬಂದಾಗ ಮೀಟಿಂಗಿನಲ್ಲಿ ಕುರ್ಚಿ ಸಾಲಲಿಲ್ಲ.

ಕೊನೆಗೆ ಯುವಕರ ಸಂಖ್ಯೆ ನೋಡಿ ಪಾಲು ಹಾಕುವುದು ಅಂತ ತೀರ್ಮಾನ ಆಯಿತು. ನ್ಯಾಯವಾದ ತೀರ್ಮಾನವೇ. ಆದರೆ ಮಾರನೇ ದಿನದಿಂದ ಮೂರೂ ಪಂಚಾಯತುಗಳಲ್ಲಿ ಯುವಕರು ಕಾಣೆಯಾಗತೊಡಗಿದರು.

"ನಮ್ಮಲ್ಲಿ ಎಲ್ಲಿದ್ದಾರೆ ಹುಡುಗರು? ಅರ್ಧ ಜನ ಗಲ್ಫ್‌ನಲ್ಲಿ" ಅಂತ ಒಬ್ಬರು ಬರೆದು ಕೊಟ್ಟರು. "ನಮ್ಮವರು ಬೆಳಿಗ್ಗೆ ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ರಾತ್ರಿಯೇ ಬರುವುದು, ಹಗಲು ಹೊತ್ತು ಅವರು ಕರ್ನಾಟಕದ ಯುವಕರು" ಅಂತ ಇನ್ನೊಬ್ಬರು. ಮೂರನೆಯವರು ಇನ್ನೂ ಜಾಣರು. ಅವರು ರಾಷ್ಟ್ರೀಯ ಯುವ ನೀತಿ ತೆಗೆದು ತೋರಿಸಿದರು. 2014ರ ಆ ನೀತಿಯ ಪ್ರಕಾರ ಯುವಕ ಅಂದರೆ 15ರಿಂದ 29 ವರ್ಷ. 30 ಆದವರನ್ನೆಲ್ಲ ಅವರು ಒಂದೇ ಏಟಿಗೆ ಪಟ್ಟಿಯಿಂದ ತೆಗೆದರು.

ಇದೇ ಪಂಚಾಯತಿನವರು ಯುವಜನರ ಆಟ-ಕಲೆಯ ಹಬ್ಬವಾದ ಕೇರಳೋತ್ಸವದ ಹೊತ್ತಿಗೆ ಏನು ಹೇಳಿದ್ದರು ಗೊತ್ತೇ? ಕೇರಳೋತ್ಸವಕ್ಕೆ 15ರಿಂದ 40 ವರ್ಷದವರೆಗೆ ಸೇರಬಹುದು. ಕೇರಳದ ಯುವಜನ ಆಯೋಗದ ಲೆಕ್ಕವೂ 18ರಿಂದ 40. ಆಗ ಅದೇ ಪಂಚಾಯತಿನಲ್ಲಿ ಎಲ್ಲಿ ನೋಡಿದರೂ ಯುವಕರು. ಹಗ್ಗಜಗ್ಗಾಟದ ತಂಡದಲ್ಲಿ ಹೊಟ್ಟೆ ಬಂದವರು, ತಲೆಗೆ ಬಣ್ಣ ಹಾಕಿದವರು, ಎಲ್ಲರೂ ನಾಡಿನ ಭವಿಷ್ಯ. ಈಗ ಪಾಲು ಕೊಡುವ ಹೊತ್ತಿಗೆ 35ರ ಮನುಷ್ಯ ತಿರುವನಂತಪುರಕ್ಕೆ ಯುವಕ, ದೆಹಲಿಗೆ ಮುದುಕ, ತನ್ನ ಪಂಚಾಯತಿಗೆ ಗೊತ್ತೇ ಇಲ್ಲದವನು.

ಜಗಳ ಬೇಡ, ಜನಗಣತಿಯನ್ನೇ ನಂಬೋಣ ಅಂದರು ಸೆಕ್ರೆಟರಿಯವರು. ಸರಿ. ಕೈಯಲ್ಲಿರುವುದು 2011ರ ಜನಗಣತಿ. ಆ ಪಟ್ಟಿಯ ಯುವಕರಲ್ಲಿ ಸುಮಾರು ಮಂದಿ ಈಗ ಮಕ್ಕಳ ಕಾಲೇಜು ಫೀಸು ಕಟ್ಟುತ್ತಿದ್ದಾರೆ. ಈಗಿನ ಯುವಕರು ಆಗ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಲೆಕ್ಕ ಮಾತ್ರ ಪಕ್ಕಾ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಪಂಚಾಯತುಗಳಿಗೆ ಅಧಿಕಾರ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದರ ಜೊತೆಗೆ ಬಂದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಮೀನು ಉಂಟು, ಕೋಳಿ ಉಂಟು, ಸೌದೆ ಮತ್ತು ಮೇವು ಉಂಟು. ಹೆಂಗಸರು, ಮಕ್ಕಳು ಉಂಟು. ಯುವಜನ ಅಂತ ಒಂದು ಸಾಲು ಇಲ್ಲ. ಮಗುವಾಗಿದ್ದಾಗ ಪಂಚಾಯತಿನ ಕಣ್ಣಿಗೆ ಬಿದ್ದವನು ಮತ್ತೆ ಬೀಳಬೇಕಾದರೆ ಒಂದೋ ಕೋಳಿ ಸಾಕಬೇಕು, ಇಲ್ಲ ಮುದುಕನಾಗಬೇಕು.

ಯುವಕರಿಗೆ ಏನು ಬೇಕು ಅಂತ ಕೇಳಲಿಲ್ಲ ಅಂತ ಮಾತ್ರ ಯಾರೂ ಹೇಳಬಾರದು. ಕೇಳಿದ್ದಾರೆ. ನಾಲ್ಕು ಪುಟದ ಫಾರಂ ಕೊಟ್ಟು ಕೇಳಿದ್ದಾರೆ. ಫಾರಂ ಇದ್ದದ್ದು ಮಲಯಾಳದಲ್ಲಿ. ಅದನ್ನು ಹಂಚಿದ್ದು ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗರು ತುಂಬಿರುವ ಊರಲ್ಲಿ. ಹುಡುಗರು ಪಾಪ, ಸರ್ಕಾರದ ಫಾರಂ ಎಲ್ಲ ಒಂದೇ ತರ ಇರುತ್ತದೆ ಅಂತ ಅಂದಾಜಿನ ಮೇಲೆ ತುಂಬಿಸಿ ಕೊಟ್ಟರು. "ನಿಮ್ಮ ಜೀವನದ ದೊಡ್ಡ ಸಮಸ್ಯೆ ಯಾವುದು" ಅಂತ ಇದ್ದ ಎರಡನೇ ಕಾಲಂನಲ್ಲಿ ಹೆಚ್ಚಿನವರು ಅಪ್ಪನ ಹೆಸರು ಬರೆದಿದ್ದರು. ಗಡಿನಾಡಿನ ಯುವಕರಲ್ಲಿ ಕೌಟುಂಬಿಕ ಕಲಹ ಜಾಸ್ತಿ ಅಂತ ವರದಿ ತಯಾರಾಯಿತು.

ಆ ವರದಿಯಿಂದ ಒಂದು ಉಪಕಾರ ಆಯಿತು. ಆಪ್ತ ಸಮಾಲೋಚಕಿಯ ನೇಮಕ ಬೇಗ ಆಯಿತು. ಅವರ ಸಂಬಳವನ್ನೂ ಪಾಲು ಹಾಕಬೇಕಲ್ಲ? ಸೋಮವಾರ, ಮಂಗಳವಾರ ಒಂದನೇ ಪಂಚಾಯತು. ಬುಧವಾರ, ಗುರುವಾರ ಎರಡನೆಯದು. ಶುಕ್ರವಾರ ಮೂರನೆಯದು, ಯಾಕೆಂದರೆ ಅವರ ಪಾಲು ಕಮ್ಮಿ. ಶನಿವಾರ ಬ್ಲಾಕ್ ಕಚೇರಿಗೆ ಬಂದು ವರದಿ ಬರೆಯಬೇಕು. ಹೀಗಾಗಿ ಮೂರನೇ ಪಂಚಾಯತಿನ ಹುಡುಗನಿಗೆ ಜೀವನ ಬೇಸರ ಬರುವುದಾದರೆ ಶುಕ್ರವಾರವೇ ಬರಬೇಕು, ಅದೂ ಹತ್ತು ಗಂಟೆಯ ಮೇಲೆ. ಒಬ್ಬ ಹುಡುಗ ತಡೆಯಲಾಗದೆ ಬುಧವಾರ ಎರಡನೇ ಪಂಚಾಯತಿಗೆ ಹೋದನಂತೆ. ಸಮಾಲೋಚಕಿ ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ಮುಂದಿನ ತಿಂಗಳು ಕಾಗದ ಬಂತು: ಹೊರ ಪಂಚಾಯತಿನ ಫಲಾನುಭವಿಗೆ ನಮ್ಮ ಪಾಲಿನಿಂದ ಮುಕ್ಕಾಲು ಗಂಟೆ ಖರ್ಚು ಮಾಡಿದ್ದು ಹೇಗೆ? ಆ ಮುಕ್ಕಾಲು ಗಂಟೆಯನ್ನು ಮೂರನೇ ಪಂಚಾಯತು ಹಿಂದಿರುಗಿಸಬೇಕು. ಯಾವ ರೂಪದಲ್ಲಿ ಹಿಂದಿರುಗಿಸುವುದು ಅಂತ ಈಗಲೂ ಪತ್ರ ವ್ಯವಹಾರ ನಡೆಯುತ್ತಾ ಇದೆ.

ಇನ್ನು ಕಟ್ಟಡ. ಅದು ಆಗಲಿಲ್ಲ. ಜಾಗ ಒಬ್ಬರದ್ದು, ದಾರಿ ಇನ್ನೊಬ್ಬರದ್ದು, ಬಾವಿ ಮೂರನೆಯವರದ್ದು. ಅಷ್ಟು ಸಾಕು.

ಆದರೆ ಕೇರಂ ಬೋರ್ಡ್ ಬಂತು! ದುಡ್ಡು ಕೈಗೆ ಸಿಕ್ಕಿದ್ದು ಮಾರ್ಚ್ ಕೊನೆಗೆ. ಉಳಿದ ಮೂರು ದಿನದಲ್ಲಿ ಕಟ್ಟಡ ಕಟ್ಟಲಿಕ್ಕೆ ಆಗುವುದಿಲ್ಲ, ಕೇರಂ ಬೋರ್ಡ್ ತರಬಹುದು. ಒಳ್ಳೆಯ ಬೋರ್ಡು, ನುಣುಪಾದ ಪ್ಲೈವುಡ್ಡು, ದಪ್ಪ ಚೌಕಟ್ಟು. ಸರ್ಕಾರಿ ದುಡ್ಡಿನಲ್ಲಿ ತಂದ ವಸ್ತು ಅಂದ ಮೇಲೆ ಯೋಜನೆಯ ವಿವರ ಅದರ ಮೇಲೆ ಬರೆಸಬೇಕಲ್ಲ? ಹಿಂಬದಿಗೆ ಬರೆಸಿದರೆ ಯಾರೂ ನೋಡುವುದಿಲ್ಲ ಅಂತ ಒಬ್ಬ ಮೆಂಬರಿಗೆ ಚಿಂತೆ ಆಯಿತು. ಆಡುವ ಬದಿಗೇ ಬರೆಸಿದರು. ನೀಲಿ ಪೈಂಟಿನಲ್ಲಿ, ನಡುವಿನ ವೃತ್ತಕ್ಕೆ ಸುತ್ತು ಬರುವ ಹಾಗೆ, ಯೋಜನೆಯ ನಂಬರು, ವರ್ಷ, ಅಂದಾಜು ಮೊತ್ತ, ನಾಲ್ಕು ಸಂಸ್ಥೆಗಳ ಹೆಸರು. ಬರೆದವನು ಗೋಡೆ ಬರಹದವನು, ಕೈ ಧಾರಾಳ. ಪೈಂಟ್ ಒಣಗಿ ಅಕ್ಷರ ಎದ್ದು ನಿಂತಿದೆ. ಸ್ಟ್ರೈಕರ್ ಹೊಡೆದರೆ ಸೀದಾ ಹೋಗಿ 'ಯೋಜನೆ'ಯ ದೀರ್ಘಕ್ಕೆ ತಾಗಿ ಎಡಕ್ಕೆ ತಿರುಗುತ್ತದೆ. ಎರಡು ದಿನ ಆಡಿದ ಹುಡುಗರು ಅದಕ್ಕೂ ಅಭ್ಯಾಸ ಮಾಡಿಕೊಂಡರು. "ಅಂದಾಜು ಮೊತ್ತಕ್ಕೆ ಹೊಡಿ ಮಾರಾಯ, ರೆಡ್ ತನ್ನಿಂದ ತಾನೇ ಗುಂಡಿಗೆ ಬೀಳುತ್ತದೆ" ಅನ್ನುತ್ತಿದ್ದರು.

ಆಮೇಲೆ ಆಡಿಟ್ ಬಂತು. ಈ ಬೋರ್ಡು ಯಾರ ಆಸ್ತಿ ರಿಜಿಸ್ಟರಿನಲ್ಲಿದೆ? ಯಾರದ್ದರಲ್ಲೂ ಇಲ್ಲ. ಒಂದು ವಸ್ತುವನ್ನು ನಾಲ್ಕು ರಿಜಿಸ್ಟರಿನಲ್ಲಿ ಬರೆದರೆ ನಾಲ್ಕು ವಸ್ತು ತೋರಿಸಬೇಕು. ಒಂದರಲ್ಲೇ ಬರೆದರೆ ಉಳಿದ ಮೂವರು ಬಿಡುವುದಿಲ್ಲ. ಗುಂಡಿಗಳೂ ನಾಲ್ಕು ಇವೆಯಲ್ಲ, ಒಬ್ಬೊಬ್ಬರು ಒಂದೊಂದು ಗುಂಡಿ ಬರೆದುಕೊಳ್ಳಲಿ ಅಂತ ಒಬ್ಬರು ಸಲಹೆ ಕೊಟ್ಟರು. ತಮಾಷೆಗೆ ಹೇಳಿದ್ದು. ಅದು ಮಿನಿಟ್ಸ್‌ನಲ್ಲಿ ಸೇರಿತು. ತೀರ್ಮಾನ ಆಗುವವರೆಗೆ ಬೋರ್ಡು ಬ್ಲಾಕ್ ಕಚೇರಿಯ ಕಪಾಟಿನ ಹಿಂದೆ ಇದೆ. ಕಾಯಿನ್ ಒಂದನೇ ಪಂಚಾಯತಿನಲ್ಲಿ, ಸ್ಟ್ರೈಕರ್ ಎರಡನೆಯದರಲ್ಲಿ. ಪೌಡರ್ ಡಬ್ಬ ಮೂರನೇ ಪಂಚಾಯತಿನ ಪಾಲಿಗೆ ಹೋಗಿತ್ತು, ಮಳೆಗಾಲದಲ್ಲಿ ಕಚೇರಿಯ ಕಿಟಕಿ ಬಾಗಿಲು ಬಿಗಿಯಾದಾಗ ಅದನ್ನು ಹಾಕಿ ಮುಗಿಸಿದರು.

ಅಷ್ಟರಲ್ಲಿ 2025ರ ಚುನಾವಣೆಯೂ ಬಂದು ಹೋಯಿತು. 2020ರಲ್ಲಿ ಗೆದ್ದವರು ಶುರು ಮಾಡಿದ್ದನ್ನು ಹೊಸಬರು ಪರಿಶೀಲಿಸಬೇಕು. ಪರಿಶೀಲನೆಯ ಖರ್ಚಿಗೆ ಪಾಲು ಹಾಕಬೇಕು.

ಈ ಮಧ್ಯೆ ಹುಡುಗರು ಸುಮ್ನೆ ಕೂರಲಿಲ್ಲ. ಮೂರು ಪಂಚಾಯತು ಕೂಡುವ ಜಂಕ್ಷನ್ನಿನ ಕ್ಲಬ್ಬಿನವರು ಒಂದು ಕಬಡ್ಡಿ ಟೂರ್ನಮೆಂಟ್ ಮಾಡಿದರು. ವಾಟ್ಸಾಪಿನಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿದರು. ಗಲ್ಫ್‌ನಲ್ಲಿ ಇದ್ದಾರೆ ಅಂತ ಪಂಚಾಯತು ಪಟ್ಟಿಯಿಂದ ತೆಗೆದ ಯುವಕರೇ ಮೊದಲು ದುಡ್ಡು ಕಳಿಸಿದ್ದು. ಹಾರ್ಡ್‌ವೇರ್ ಅಂಗಡಿಯವರು ಟ್ರೋಫಿ ಕೊಟ್ಟರು, ಬೇಕರಿಯವರು ಶರಬತ್ತು ಕೊಟ್ಟರು. ಯಾರು ಎಷ್ಟು ಹಾಕಿದರು ಅಂತ ಯಾರೂ ಕೇಳಲಿಲ್ಲ. ಕೇಳಲಿಕ್ಕೆ ಪುರುಸೊತ್ತಿರಲಿಲ್ಲ, ಲೈಟ್ ಕಟ್ಟುವ ಕೆಲಸ ಬಾಕಿ ಇತ್ತು.

ಉದ್ಘಾಟನೆಗೆ ಎಲ್ಲ ಪ್ರೆಸಿಡೆಂಟರೂ ಬಂದರು. ನಾಲ್ಕೂ ಮಂದಿ ಭಾಷಣ ಮಾಡಿದ ಮೇಲೆ ಮೊದಲ ಪಂದ್ಯ ರಾತ್ರಿ ಹನ್ನೊಂದಕ್ಕೆ ಶುರುವಾಯಿತು. ಮರುವಾರ ಜಂಟಿ ಯೋಜನೆಯ ಪ್ರಗತಿ ವರದಿಯಲ್ಲಿ "ಕಬಡ್ಡಿ – 1" ಅಂತ ಸೇರಿತು, ಜೊತೆಗೆ ಬಣ್ಣದ ಫೋಟೋ.

ವರದಿಯಲ್ಲಿ ನಮ್ಮ ಹೆಸರು ಹಾಕಿದ್ದಾರಲ್ಲ, ಕಮ್ಮಿಯಲ್ಲಿ ಮ್ಯಾಟಿನ ಬಾಡಿಗೆಯಾದರೂ ಕೊಡಲಿ ಅಂತ ಕ್ಲಬ್ಬಿನವರು ಅರ್ಜಿ ಹಾಕಿದರು. ಅರ್ಜಿ ನಾಲ್ಕು ಪ್ರತಿ, ಪ್ರತಿ ಆಟಗಾರನ ವಾಸದ ಸರ್ಟಿಫಿಕೇಟ್ ಸಮೇತ. ಏಳು ಜನರ ತಂಡದಲ್ಲಿ ಮೂವರು ಒಂದನೇ ಪಂಚಾಯತಿನವರು, ಇಬ್ಬರು ಎರಡನೆಯದರವರು, ಒಬ್ಬ ಮೂರನೆಯದು. ಬಾಡಿಗೆಯನ್ನು ಏಳು ಪಾಲು ಮಾಡಿ ಆರರ ಲೆಕ್ಕ ಹೇಗೋ ಸರಿ ಹೋಯಿತು. ಏಳನೆಯವನು ರೈಡರ್. ಅವನ ಮನೆ ಸರಿಯಾಗಿ ಗಡಿಯ ಮೇಲಿದೆ, ಅಡುಗೆಮನೆ ಒಂದು ಪಂಚಾಯತು, ಜಗಲಿ ಇನ್ನೊಂದು. ಕಳೆದ ಮೀಟಿಂಗ್ ಪೂರ್ತಿ ಅವನದ್ದೇ ಚರ್ಚೆ. ರೈಡ್ ಮಾಡುವಾಗ ಅವನು ಗೆರೆ ದಾಟಿ ಎದುರು ತಂಡದ ಅಂಗಳದಲ್ಲಿ ಇರುತ್ತಾನೆ, ಅಷ್ಟು ಹೊತ್ತಿನ ಬಾಡಿಗೆ ನಮ್ಮ ಮೇಲೆ ಬರುವುದು ಹೇಗೆ ಅಂತ ಒಬ್ಬ ಮೆಂಬರು ಎದ್ದು ನಿಂತರು. ಸಭೆ ಅದನ್ನು ಒಪ್ಪಿತು. ಅವನು ಎಷ್ಟು ಸೆಕೆಂಡ್ ಆಚೆ ಇದ್ದ, ಎಷ್ಟು ಸೆಕೆಂಡ್ ಈಚೆ ಇದ್ದ ಅಂತ ವಿಡಿಯೋ ನೋಡಿ ವರದಿ ಕೊಡಲಿಕ್ಕೆ ಉಪಸಮಿತಿ ಮಾಡಿದ್ದಾರೆ. ಉಪಸಮಿತಿಯಲ್ಲಿ ನಾಲ್ವರು ಇದ್ದಾರೆ. ನಾಲ್ವರಿಗೂ 40 ದಾಟಿದೆ.