ಬೋಟಲ್ಲಿ ಜಾಗ ಇಲ್ದಿದ್ರೇ ಮಜಾ

ಈಚೆಗೆ ಆಡಿದ ಗೇಮ್‌ಗಳ ಬಗ್ಗೆ ಬರೀತೀನಿ ಬರೀತೀನಿ ಅಂತ ಮುಂದಕ್ಕೆ ಹಾಕ್ತಾನೇ ಬಂದಿದ್ದೆ. ಇವತ್ತು ಕಾರವಾರದಲ್ಲಿ ಕರೆಂಟೂ ಇದೆ, ನಂಗೆ ರಜೆಯೂ ಇದೆ, ಬರ್ದೇ ಬಿಡ್ತೀನಿ. ಮೊದ್ಲೇ ಹೇಳ್ತೀನಿ, ಇದು ರಿವ್ಯೂ ಅಲ್ಲ, ಸ್ಟಾರ್ ಗೀರ್ ಕೊಡೋದಿಲ್ಲ, ಗ್ರಾಫಿಕ್ಸಿಗೆ ಹತ್ತಕ್ಕೆ ಎಷ್ಟು ಅಂತ ಯಾರೂ ಕೇಳ್ಬೇಡಿ. ಒಂದೇ ವಿಷಯ ತಲೇಲಿ ಕೊರೀತಾ ಇದೆ. ಒಂದು ಗೇಮು ನಮ್ಗೆ ಏನೋ ಒಂದನ್ನ ಕೊಡೋದಿಲ್ಲ ಅಂತದಲ್ಲ, ಅದನ್ನ ಮುಖಕ್ಕೆ ಮುಖ ಕೊಟ್ಟು ಹೇಳ್ತದಾ, ಇಲ್ಲಾ ಮುಚ್ಚಿಟ್ಟು ಆಮೇಲೆ ಆಟ ಆಡಿಸ್ತದಾ? ನಂಗೆ ಈಗೀಗ ಗೇಮ್ ಇಷ್ಟ ಆಗೋದೂ ತಲೆ ಕೆಡೋದೂ ಎರಡೂ ಇದ್ರ ಮೇಲೇನೇ.

ಡ್ರೆಜ್ ತಗೊಳ್ಳಿ. ನ್ಯೂಜಿಲೆಂಡಿನ ಬ್ಲ್ಯಾಕ್ ಸಾಲ್ಟ್ ಗೇಮ್ಸ್ ಅನ್ನೋ ಸಣ್ಣ ಟೀಮ್ 2023ರಲ್ಲಿ ಬಿಟ್ಟಿದ್ದು, ನಾನು ಆಡಿದ್ದು ತೀರಾ ತಡವಾಗಿ, ಅದೂ ಸೇಲಲ್ಲಿ. ಸಣ್ಣದೊಂದು ಬೋಟು, ಒಬ್ನೇ ಮೀನುಗಾರ, ಸುತ್ತ ದ್ವೀಪಗಳು. ಬೋಟಿನ ಹೊಟ್ಟೆ ಅಂದ್ರೆ ಬರೀ ಚೌಕ ಚೌಕದ ಮನೆಗಳು, ಒಂದೊಂದು ಮೀನಿಗೂ ಒಂದೊಂದು ಆಕಾರ, ತಿರುಗಿಸಿ ತಿರುಗಿಸಿ ಜೋಡಿಸ್ಬೇಕು. ಇಂಜಿನ್ನೂ ಅಲ್ಲೇ, ಗಾಳವೂ ಅಲ್ಲೇ, ಲೈಟೂ ಅಲ್ಲೇ, ಎಲ್ಲದಕ್ಕೂ ಜಾಗ ಬೇಕು. ಬಂಡೆಗೆ ಬಡಿದ್ರೆ ಒಂದು ಮನೆ ಒಡೆದು ಹೋಗ್ತದೆ, ಅದ್ರಲ್ಲಿದ್ದ ಮೀನು ನೀರು ಪಾಲು. ಹಿಡಿದಿದ್ದು ಹಂಗೇ ಇಟ್ಕೊಂಡ್ರೆ ಕೊಳೀತದೆ. ಕತ್ಲಾದ್ಮೇಲೆ ಕಡಲಲ್ಲೇ ಇದ್ರೆ ಅವ್ನಿಗೆ ಭಯ ಏರ್ತಾ ಹೋಗ್ತದೆ, ಮೊದ್ಲಿಲ್ಲದ ಬಂಡೆಗಳೆಲ್ಲ ಎದುರಿಗೆ ಬಂದು ನಿಲ್ತಾವೆ. ಆದ್ರೆ ರಾತ್ರಿ ಮಾತ್ರ ಸಿಗೋ ಮೀನೂ ಅದಾವಲ್ಲ. ಇನ್ನೊಂದೇ ಒಂದು ಗಾಳ ಹಾಕಿ ಹೊರಡೋಣ ಅಂತ ನಿಲ್ತೀವಲ್ಲ, ನಮ್ಮನ್ನ ಕೊಲ್ಲೋದು ಅಲ್ಲೇ. ರಾಕ್ಷಸರ ಕಾಟ ಆಮೇಲಿನ ಮಾತು.

ಪಕ್ಕದ ಮನೆ ಮಾವ ಪರ್ಸೀನ್ ಬೋಟಿನ, ಅಂದ್ರೆ ದೊಡ್ಡ ಬಲೆ ಸುತ್ತ ಹಾಕಿ ಮೀನು ಹಿಡಿಯೋ ಬೋಟಿನ ತಾಂಡೇಲ, ಬೋಟ್ ನಡೆಸೋ ಯಜಮಾನ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋ ಹಂಗಿಲ್ಲ ಅಲ್ವಾ, ಬೋಟು ಬೈತಖೋಲ ಬಂದರಲ್ಲಿ ಲಂಗರು ಹಾಕಿ ನಿಂತಿತ್ತು, ಅವ್ರು ನಮ್ಮನೆ ಜಗಲಿ ಮೇಲೆ. ಒಂದಿನ ನಾನು ಆಡೋದು ನೋಡ್ತಾ ಕೂತ್ರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಲ್ವೋ ತಮ್ಮಾ, ಇವ ಐಸ್ ಎಲ್ಲಿ ಹಾಕ್ತಾನೆ?" ಅಂದ್ರು. ಐಸ್ ಇಲ್ಲ ಮಾವ, ಅದಕ್ಕೇ ಮೀನು ಬೇಗ ಕೊಳೆಯೋದು ಅಂದೆ. ನಕ್ರು. ಇನ್ನೊಂದು ಘಳಿಗೆ ಬಿಟ್ಟು, "ರಾತ್ರಿ ಹೊತ್ತು ಒಬ್ನೇ ಹೋಗ್ತಾನಾ? ತಲೆ ಕೆಟ್ಟಿರ್ಬೇಕು ಅವಂಗೆ." ಅವ್ರ ಬೋಟಲ್ಲಿ ಇಪ್ಪತ್ತೈದು ಮೂವತ್ತು ಜನ ಹೋಗ್ತಾರೆ, ಅವ್ರಿಗೆ ಹಂಗೆ ಅನ್ನಿಸಿದ್ದು ಸಹಜ. ಆದ್ರೆ ಸ್ಟೋರಿ ಏನಂತ ಗೊತ್ತಿಲ್ದೇನೇ ಇಡೀ ಗೇಮ್ ಯಾವ್ದರ ಬಗ್ಗೆ ಅಂತ ಮನುಷ್ಯ ಹೇಳ್ಬಿಟ್ರು! ನಾನು ಮಂಜಲ್ಲಿ ದಾರಿ ತಪ್ಪಿ ಸುತ್ತೋದು ನೋಡಿ ತಡ್ಕೊಳ್ಳೋಕಾಗ್ದೆ, ದೀಪಸ್ತಂಭ ಎಡಗೈಗೆ ಇಟ್ಕೋ, ಎಡಗೈಗೆ ಇಟ್ಕೋ ಅಂತ ಹೇಳ್ಕೊಡೋಕೆ ಶುರು ಮಾಡಿದ್ರು. ದೇವಗಡ ದ್ವೀಪದ ದೀಪ ನೋಡ್ಕೊಂಡು ಬರೋ ಕಣ್ಣು ಅದು. ಗೇಮಲ್ಲೂ ಕೆಲಸ ಮಾಡ್ತು.

ಡ್ರೆಜ್ ಹಾಳಾಗೋದು ದ್ವಿತೀಯಾರ್ಧದಲ್ಲಿ. ಬೋಟ್ ದೊಡ್ಡದಾಗ್ತದೆ, ಇಂಜಿನ್ ಜೋರಾಗ್ತದೆ, ಬಲೆ ಹಾಕ್ಕೊಂಡು ಹೋದ್ರೆ ತಂತಾನೇ ಮೀನು ತುಂಬ್ತದೆ, ಅಲ್ಲಿಗೆ ಭಯ ಖಲಾಸ್. ಆಮೇಲೆ ಆ ವಸ್ತು ತಂದ್ಕೊಡು ಈ ವಸ್ತು ತಂದ್ಕೊಡು, ಕೊರಿಯರ್ ಕೆಲ್ಸ. ಮೊದಲ ದಿನದ ಆ ಹರಕು ಬೋಟೇ ವಾಸಿ ಇತ್ತು ಅನ್ನಿಸ್ತು ನಂಗೆ.

ಬಾಲಾಟ್ರೋ ಬಗ್ಗೆ ಜಾಸ್ತಿ ಬರೆಯಲ್ಲ, ಬರೆದ್ರೆ ಮತ್ತೆ ಶುರು ಹಚ್ಕೋತೀನಿ. ಲೋಕಲ್‌ಥಂಕ್ ಅನ್ನೋ ಹೆಸರಲ್ಲಿ ಕೆನಡಾದ ಒಬ್ನೇ ಒಬ್ಬ ಮಾಡಿ 2024ರಲ್ಲಿ ಬಿಟ್ಟಿದ್ದು. ಪೋಕರ್ ಎಲೆ, ಅದ್ರ ಜೊತೆ ನಿಯಮಾನೇ ತಿರುಚಿ ಹಾಕೋ ಜೋಕರ್‌ಗಳು. ಜೋಕರ್ ಇಡೋಕೆ ಇರೋದು ಐದೇ ಜಾಗ, ಇಡೀ ಗೇಮ್ ನಿಂತಿರೋದು ಆ ಐದರ ಮೇಲೆ. ಒಳ್ಳೇ ಜೋಕರ್ ಅಂಗಡೀಲಿ ಕಣ್ಣೆದುರಿಗೇ ಇದೆ, ತಗೊಳ್ಬೇಕಂದ್ರೆ ಇಷ್ಟೊತ್ತು ನಮ್ಮನ್ನ ಕಾಪಾಡ್ಕೊಂಡು ಬಂದಿದ್ದನ್ನ ಮಾರ್ಬೇಕು. ಮನೇಲಿ ಅಮ್ಮ ಹಿಂದಿಂದ ನೋಡಿ, ಚೌತಿಗೆ ಇಸ್ಪೀಟ್ ಆಡೋದು ಸಾಲ್ದು ಅಂತ ಈಗ ಲ್ಯಾಪ್‌ಟಾಪಲ್ಲೂ ಶುರುವಾ ಅಂದ್ರು. ದುಡ್ಡಿಡೋ ಆಟ ಅಲ್ಲಮ್ಮ ಅಂದ್ರೆ ನಂಬೋದು ಹೆಂಗೆ ಹೇಳಿ, ರಮ್ಮಿ ಆ್ಯಪ್‌ಗಳ ಜಾಹೀರಾತು ವರ್ಷಗಟ್ಲೆ ನೋಡಿದೀವಿ ಎಲ್ರೂ, 2025ರ ಆಗಸ್ಟಲ್ಲಿ ಕೇಂದ್ರ ಸರ್ಕಾರ ಕಾನೂನು ಮಾಡಿ ಅಂಥವನ್ನ ನಿಷೇಧಿಸೋ ತನಕ. ಯುರೋಪಿನ ರೇಟಿಂಗ್ ಮಂಡಳಿಗೇ ಗೊಂದಲ ಆಗಿತ್ತು, ಬಾಲಾಟ್ರೋಗೆ 2024ರಲ್ಲಿ 18 ವರ್ಷ ಮೇಲ್ಪಟ್ಟವರಿಗೆ ಅಂತ ಕೊಟ್ಟು, ಅಪೀಲ್ ಹೋದ್ಮೇಲೆ 2025ರಲ್ಲಿ 12ಕ್ಕೆ ಇಳಿಸಿದ್ರು. ಮಾಡಿದವ ಮಾತ್ರ ಜೂಜಿನ ಕಂಪನಿಗೆ ಈ ಗೇಮ್ ಯಾವತ್ತೂ ಮಾರಕೂಡದು ಅಂತ ಉಯಿಲಲ್ಲೇ ಬರೆಸಿಟ್ಟಿದಾನಂತೆ. ಮೆಚ್ಚಬೇಕು.

ಸಿಲ್ಕ್‌ಸಾಂಗ್. ಅಬ್ಬಾ. 2019ರಲ್ಲಿ ಘೋಷಣೆ, ಬಂದಿದ್ದು 2025ರ ಸೆಪ್ಟೆಂಬರ್ 4ಕ್ಕೆ, ಬಂದ ದಿನ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀನೇ ಮಕಾಡೆ. ಅಡಿಲೇಡಿನ ಟೀಮ್ ಚೆರ್ರಿ ಕೈ ಅದ್ಭುತ, ಆಟದ ನಾಯಕಿ ಹಾರ್ನೆಟ್ ಓಡೋದು ಜಿಗಿಯೋದು ನೋಡ್ತಾನೇ ಇರ್ಬೇಕು ಅನ್ನಿಸ್ತದೆ. ಕೂತು ಸೇವ್ ಮಾಡೋ ಬೆಂಚಿಗೂ ಕೆಲವು ಕಡೆ ದುಡ್ಡು ಕೇಳ್ತಾರೆ, ಅದು ನಂಗೆ ಸಖತ್ ಇಷ್ಟ ಆಯ್ತು, ಇದೆಂಥಾ ಊರು ಅಂತ ಒಂದೇ ಏಟಿಗೆ ಗೊತ್ತಾಗ್ತದೆ. ಆದ್ರೆ ನನ್ನ ತಕರಾರು ಇಲ್ಲಿದೆ ನೋಡಿ. ಶುರುವಲ್ಲಿ ನಮ್ಗೆ ಐದು ಮಾಸ್ಕ್, ಅಂದ್ರೆ ಐದು ಜೀವದ ಚೂರು. ಬಾಸ್‌ಗಳಲ್ಲಿ, ಅಂದ್ರೆ ದೊಡ್ಡ ಶತ್ರುಗಳಲ್ಲಿ, ಸುಮಾರು ಜನ ಒಂದೇಟಿಗೆ ಎರಡೆರಡು ಕೀಳ್ತಾರೆ. ಮೂರೇಟಿಗೆ ಶಿವಾಯ ನಮಃ. ಸರಿ, ಅಲ್ಲಿ ಇಲ್ಲಿ ಹುಡುಕಿ, ಬಿದ್ದು ಎದ್ದು, ನಾಲ್ಕು ತುಂಡು ಸೇರಿಸಿ ಆರನೇ ಮಾಸ್ಕ್ ಮಾಡ್ಕೊಂಡೆ ಅನ್ನಿ. ಆರಕ್ಕೆ ಎರಡೆರಡು ಕಳೀರಿ. ಮತ್ತೆ ಮೂರೇ ಏಟು! ಎರಡೇಟಿನ ಬಾಸ್ ಎದುರು ಅಷ್ಟು ದುಡಿಮೆಗೂ ಒಂದು ಏಟೂ ಜಾಸ್ತಿ ಸಿಗಲಿಲ್ಲ. ಕಷ್ಟ ಕೊಡ್ಲಿ, ಬೇಡ ಅನ್ನಲ್ಲ, ಬಹುಮಾನ ಅಂತ ಕೈಗಿಟ್ಟಿದ್ದು ಖಾಲಿ ಡಬ್ಬಿ ಆಗ್ಬಾರ್ದು. ಅದ್ರ ಮೇಲೆ ನನ್ನ ಕಂಟ್ರೋಲರ್ ಬೇರೆ, ಈ ಉಪ್ಪುಗಾಳಿಗೆ ಚಾರ್ಜಿಂಗ್ ಪೋರ್ಟಲ್ಲಿ ಹಸಿರು ಕಿಲುಬು, ಎಡಗಡೆ ಸ್ಟಿಕ್ಕು ಮಳೆಗಾಲ ಮುಗಿದ್ರೂ ಅಂಟ್ಕೊಂಡೇ ಇತ್ತು, ಹಾರ್ನೆಟ್ ನಾನು ಹೇಳದ ಕಡೆಗೆಲ್ಲ ಹೋಗ್ತಿದ್ಳು.

ಕೊನೇದು ಬ್ಲ್ಯಾಕ್ ಮಿಥ್ ವುಕಾಂಗ್. ಹತ್ತಿರ ಹತ್ತಿರ 130 ಜಿಬಿ, ನಮ್ಮ ಕಡೆ ನೆಟ್ಟಲ್ಲಿ ಇಳಿಸೋದೇ ಒಂದು ಸಾಹಸ. ಚೀನಾದ ಗೇಮ್ ಸೈನ್ಸ್ 2024ರಲ್ಲಿ ಬಿಟ್ಟಿದ್ದು, ಅವ್ರ ಹಳೇ ಕೋತಿ ರಾಜನ ಕಥೆ. ಶಾನ್ಶಿ ಪ್ರಾಂತ್ಯದ ನಿಜವಾದ ದೇವಸ್ಥಾನ, ವಿಗ್ರಹಗಳನ್ನೇ ಸ್ಕ್ಯಾನ್ ಮಾಡಿ ಹಾಕಿದಾರೆ, ನೋಡ್ತಾ ಇದ್ರೆ ನಮ್ಮ ಬನವಾಸಿ ಮಧುಕೇಶ್ವರ ದೇವಸ್ಥಾನನೋ ಮಿರ್ಜಾನ ಕೋಟೆ ಕಲ್ಲನ್ನೋ ಹಿಂಗೆ ಒಬ್ರಾದ್ರೂ ಮಾಡ್ಬಾರ್ದಾ ಅಂತ ಹೊಟ್ಟೆ ಉರೀತದೆ. ಎರಡನೇ ಅಧ್ಯಾಯದಲ್ಲಿ ತಲೆ ಇಲ್ಲದ ಸನ್ಯಾಸಿ ಒಬ್ಬ ತಂತಿವಾದ್ಯ ಹಿಡ್ಕೊಂಡು ಹಾಡ್ತಾನೆ, ಉತ್ತರ ಚೀನಾದ ಜನಪದ ಕಥೆ ಹೇಳೋ ಧಾಟಿ, ಒರಟು ದನಿ, ಒಂಚೂರೂ ನಯ ಮಾಡಿಲ್ಲ. ನಮ್ಮಲ್ಲಾದ್ರೆ ಭಾಗವತರ ಪದಕ್ಕೆ ಕೀಬೋರ್ಡ್ ಸೇರಿಸ್ದೆ ಬಿಡ್ತಿರ್ಲಿಲ್ಲ.

ಇಷ್ಟೆಲ್ಲಾ ಇದ್ದೂ ಅದನ್ನ ಆಡ್ತಾ ಆಡ್ತಾ ಸಿಟ್ಟು ಬಂತು. ಎದುರಿಗೆ ದಾರಿ ಕಾಣ್ತದೆ, ಗುಡ್ಡದ ಮೇಲೆ ಮೆಟ್ಟಿಲು, ಪಕ್ಕದಲ್ಲಿ ದಾಟ್ಬಹುದಾದ ಹಳ್ಳ. ಹೋದ್ರೆ ಢಂ ಅಂತ ಕಾಣದ ಗೋಡೆ. ಇನ್ನೊಂದ್ ಕಡೆ ಅಂಥದ್ದೇ ದಾರಿ, ಅಲ್ಲಿ ಗೋಡೆ ಇಲ್ಲ. ಯಾವ್ದಿದೆ ಯಾವ್ದಿಲ್ಲ ಅಂತ ಗೊತ್ತಾಗೋದು ಮೂಗು ಬಡಿದ ಮೇಲೇನೇ. ಡ್ರೆಜ್ ಬೋಟಲ್ಲಿ ಜಾಗ ಇಲ್ಲ ಅಂದ್ರೆ ಇಲ್ಲ, ಖಾಲಿ ಮನೆ ಎಷ್ಟು ಅಂತ ಕಾಣ್ತದೆ, ಯಾವ ಮೀನು ಎಸೀಬೇಕು ಅಂತ ನಾನೇ ತೀರ್ಮಾನ ಮಾಡ್ತೀನಿ. ಇಲ್ಲಿ ಅಷ್ಟು ಚಂದದ ಕಾಡು ತೋರ್ಸಿ, ಒಳಗೆ ಬಾ ಅಂತ ಕರೆದು, ಬಾಗ್ಲು ಹಾಕ್ಕೊಂಡಂಗೆ. ಬಾಸ್‌ಗಳು ಚೆನ್ನಾಗಿವೆ ಬಿಡಿ, ಒಂದ್ರ ಹಿಂದೆ ಒಂದು ಬರ್ತಾನೇ ಇರ್ತಾವೆ, ಹೊಡ್ಯೋದ್ರಲ್ಲಿ ಮಜಾ ಇದೆ. ಸುತ್ತಾಡೋ ಆಸೆ ಇರೋರಿಗೆ ಅಲ್ಲ.

ಹಂಗಾಗಿ ವುಕಾಂಗ್ ಅರ್ಧಕ್ಕೆ ಡಿಲೀಟ್ ಮಾಡ್ದೆ. ಡ್ರೆಜ್‌ದು ಐರನ್ ರಿಗ್ ಡಿಎಲ್‌ಸಿ, ಅಂದ್ರೆ ಬೇರೆ ದುಡ್ಡು ಕೊಟ್ಟು ತಗೊಳ್ಳೋ ಹೆಚ್ಚುವರಿ ಭಾಗ, ಇನ್ನೂ ತಗೊಂಡಿಲ್ಲ, ಸೇಲ್ ಬಂದ್ರೆ ಯಾರಾದ್ರೂ ಒಂದು ಮೆಸೇಜ್ ಹಾಕಿ. ಮತ್ತೆ ಕಾರವಾರ, ಅಂಕೋಲಾ ಕಡೆ ಕಂಟ್ರೋಲರ್ ಸ್ಟಿಕ್ ರಿಪೇರಿ ಮಾಡೋರು ಯಾರಾದ್ರೂ ಗೊತ್ತಿದ್ರೆ ಅದನ್ನೂ ಹೇಳಿ, ಹುಬ್ಬಳ್ಳಿಗೆ ಕಳಿಸೋ ಖರ್ಚಲ್ಲಿ ಹೊಸದೇ ಬರ್ತದೆ.