ಘಟ್ಟ ಹತ್ತದ ಆಟಗಳು

2025ರ ಡಿಸೆಂಬರಿನಲ್ಲಿ ವಿಡಿಯೋ ಗೇಮ್ ಲೋಕದಿಂದ ಬಂದ ಸುದ್ದಿಗಳ ಪೈಕಿ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ತೆಂಗಿನಕಾಯಿ ಒಡೆಯಬೇಕಾದದ್ದು ಒಂದಿತ್ತು. ಪಿಸಿಯಲ್ಲಿ 154 ಜಿಬಿ ಜಾಗ ತಿನ್ನುತ್ತಿದ್ದ ‘ಹೆಲ್‌ಡೈವರ್ಸ್ 2’ 23 ಜಿಬಿಗೆ ಇಳಿಯಿತು. ಆಟದಲ್ಲಿ ಏನೂ ಕಡಿಮೆಯಾಗಲಿಲ್ಲ. ಅದೇ ಬಂದೂಕು, ಅದೇ ಗ್ರಹ, ಅದೇ ದೈತ್ಯ ಹುಳ. ಹೋದದ್ದು 131 ಜಿಬಿ ನಕಲು ಮಾತ್ರ.

ಅಷ್ಟೊಂದು ನಕಲು ಅಲ್ಲಿ ಯಾಕಿತ್ತು ಅಂದರೆ, ಹಳೆಯ ಹಾರ್ಡ್‌ಡಿಸ್ಕಿನ ಮೇಲಿನ ಮರುಕಕ್ಕೆ. ಆ ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಓದುವ ಹೆಡ್ ಓಡಾಡುತ್ತಿರುತ್ತದೆ. ಮರದ ಚಿತ್ರ ತಟ್ಟೆಯ ಒಂದು ಕಡೆ, ಬಂಡೆಯ ಚಿತ್ರ ಇನ್ನೊಂದು ಕಡೆ ಇದ್ದರೆ ಹೆಡ್ ಅತ್ತಿಂದಿತ್ತ ಓಡಿ ಸುಸ್ತಾಗುತ್ತದೆ, ಆಟ ತೆರೆದುಕೊಳ್ಳುವುದು ತಡವಾಗುತ್ತದೆ. ಅದಕ್ಕೆ ಒಂದೇ ಮರವನ್ನು ಬೇಕಾದಲ್ಲೆಲ್ಲ ಮತ್ತೆ ಮತ್ತೆ ನೆಟ್ಟಿಟ್ಟಿದ್ದರು. ತಟ್ಟೆಯ ಬದಲು ಚಿಪ್ಪಿನಲ್ಲೇ ಎಲ್ಲವನ್ನೂ ಇಡುವ ಎಸ್‌ಎಸ್‌ಡಿಯಲ್ಲಿ ಹೆಡ್ಡೂ ಇಲ್ಲ, ಓಟವೂ ಇಲ್ಲ, ಹಾಗಾಗಿ ಈ ನಕಲು ಅಲ್ಲಿ ಬರೀ ದಂಡ. ಕೊನೆಗೆ ಕಂಪನಿಯವರು ಲೆಕ್ಕ ಹಾಕಿದಾಗ ಹಾರ್ಡ್‌ಡಿಸ್ಕಿನಲ್ಲಿ ಆಡುವವರು ಶೇ. 11ರಷ್ಟು ಎಂದು ಗೊತ್ತಾಯಿತು. ನಕಲು ತೆಗೆದರೆ ಅವರಿಗೂ ಆಗುವ ತಡ ಕೆಲವೇ ಸೆಕೆಂಡು. ಆ ಕೆಲವು ಸೆಕೆಂಡು ಉಳಿಸಲು ಎಲ್ಲರ ಮನೆಗೂ 131 ಜಿಬಿ ಹೊರೆಸಿದ್ದರು.

ಈ 131 ಜಿಬಿಯ ತೂಕ ಬೆಂಗಳೂರಿನವರಿಗೆ ತಿಳಿಯುವುದಿಲ್ಲ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕಿನಲ್ಲಿ 154 ಜಿಬಿ ಇಳಿಸಲು 77 ದಿನ ಬೇಕು. ಆರಿದ್ರಾ ಮಳೆ ಹಿಡಿದ ದಿನ ಡೌನ್‌ಲೋಡ್ ಹಚ್ಚಿದರೆ ಹುಬ್ಬಾ ಮಳೆಯಲ್ಲಿ ಮುಗಿಯುತ್ತದೆ. ಅದೂ ಸಿಗ್ನಲ್ಲಿಗಾಗಿ ಫೋನನ್ನು ಮೆತ್ತಿನ ಕಿಟಕಿಯಿಂದ ಕದಲಿಸದಿದ್ದರೆ, ಮನೆಯವರು ಯಾರೂ ಆ ಫೋನಿನಲ್ಲಿ ಒಂದೇ ಒಂದು ‘ಶುಭೋದಯ’ ವಿಡಿಯೋವನ್ನೂ ತೆರೆಯದಿದ್ದರೆ. 23 ಜಿಬಿ ಆದರೆ ಹನ್ನೆರಡನೇ ದಿನ ಮಧ್ಯಾಹ್ನ ಆಡಲು ಕೂರಬಹುದು.

ಫೈಬರ್ ಬಂದ ಮನೆಗಳ ಕಥೆ ಬೇರೆ, ಲೆಕ್ಕವೂ ಬೇರೆ. ಮೊದಲ ಜಗಳ ಬಿಟ್ಟಿಗೂ ಬೈಟಿಗೂ. ‘40 ಎಂಬಿಪಿಎಸ್ ಲೈನ್’ ಅಂದರೆ ಸೆಕೆಂಡಿಗೆ 40 ಮೆಗಾಬಿಟ್; ಎಂಟರಿಂದ ಭಾಗಿಸಿದರೆ 5 ಮೆಗಾಬೈಟ್. ಪಿಸಿ ಆಟಗಳನ್ನು ಮಾರುವ, ಇಳಿಸಿಕೊಡುವ ಸ್ಟೀಮ್‌ನಲ್ಲಿ 5 ಎಂದು ಕಂಡ ತಕ್ಷಣ ಮೋಸವಾಯಿತೆಂದು ಲೈನ್ ಕೊಟ್ಟವರಿಗೆ ಫೋನ್ ಮಾಡುವವರು ಬಹಳ. ಫೋನ್ ಎತ್ತಿದಾತ ಪಾಪ, ‘ರೌಟರ್ ಆಫ್ ಮಾಡಿ ಆನ್ ಮಾಡಿ’ ಅನ್ನುತ್ತಾನೆ. ಅವನಿಗೂ ಆ ಭಾಗಾಕಾರ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿರುತ್ತದೆ. ಸ್ಟೀಮ್ ಸೆಟ್ಟಿಂಗ್ಸಿನ ಡೌನ್‌ಲೋಡ್ಸ್ ಪುಟದಲ್ಲಿ ವೇಗವನ್ನು ಬಿಟ್ಟಿನಲ್ಲೇ ತೋರಿಸುವ ಆಯ್ಕೆ ಇದೆ. ಅದನ್ನು ಒತ್ತಿದರೆ ವೇಗ ಹೆಚ್ಚುವುದಿಲ್ಲ, ಸಮಾಧಾನ ಎಂಟು ಪಟ್ಟು ಹೆಚ್ಚುತ್ತದೆ.

ಆ ವೇಗದಲ್ಲಿ 154 ಜಿಬಿಗೆ ಎಂಟೂವರೆ ಗಂಟೆ. ರಾತ್ರಿ ಊಟ ಮುಗಿಸಿ ಹಚ್ಚಿದರೆ ಬೆಳಗಿನ ದೋಸೆಗೆ ತಯಾರು ಎನ್ನುವುದು ಕಾಗದದ ಲೆಕ್ಕ. ಜುಲೈ ತಿಂಗಳ ಲೆಕ್ಕ ಹೀಗಿರುತ್ತದೆ:

“ಇನ್ನೂ ಆಯ್ದಿಲ್ಯನಾ ಮಾಣಿ?”

“ಶೇಕಡಾ 96 ಆತು ಅಪ್ಪಯ್ಯ.”

“ಹಂಗಾರೆ ಆತು ಬಿಡು.”

ಈ ‘ಬಿಡು’ ಎನ್ನುವ ಮಾತಿಗೇ ಕಾಯುತ್ತಿದ್ದ ಕರೆಂಟು ಬಿಟ್ಟು ಹೋಗುತ್ತದೆ. ಇದೇ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕಗಳಿವೆ. ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟುಗಳಿವೆ. ರೌಟರ್ ಕೇಳುವುದು ಸುಮಾರು 10 ವ್ಯಾಟ್.

ಇಲ್ಲಿ ಒಂದು ಸಮಾಧಾನವಿದೆ. 96ಕ್ಕೆ ನಿಂತದ್ದು ಸೊನ್ನೆಗೆ ಹೋಗುವುದಿಲ್ಲ. ಸ್ಟೀಮ್ ಆಟವನ್ನು ಸುಮಾರು ಒಂದೊಂದು ಎಂಬಿಯ ತುಂಡು ಮಾಡಿ ಇಳಿಸುತ್ತದೆ, ಬಂದ ತುಂಡನ್ನು ಪರೀಕ್ಷಿಸಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಕರೆಂಟು ಬಂದ ಮೇಲೆ ಅಲ್ಲಿಂದಲೇ ಮುಂದುವರಿಯುತ್ತದೆ. ಅನಾಹುತ ಆಗುವುದು ಆಮೇಲೆ: ಆಟ ತೆರೆಯುವುದಿಲ್ಲ, ಪಕ್ಕದ ಮನೆಯ ತಜ್ಞ ಬಂದು ‘ಡಿಲೀಟ್ ಹೊಡೆದು ಹೊಸದಾಗಿ ಹಾಕು’ ಎನ್ನುತ್ತಾನೆ, ಅವನ ಮಾತು ಕೇಳುತ್ತೀರಿ. ಕೇಳಬೇಡಿ. ಆಟದ ಹೆಸರಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ. ಕೆಟ್ಟ ತುಂಡು ಹತ್ತಿದ್ದರೆ ಹತ್ತನ್ನು ಮಾತ್ರ ಮತ್ತೆ ತರಿಸುತ್ತದೆ. ತಜ್ಞನಿಗೆ ಒಂದು ಕವಳ ಕೊಟ್ಟು ಜಗಲಿಯಲ್ಲೇ ಕೂರಿಸುವುದು ಕ್ಷೇಮ.

ಮನೆಗೆ ಇನ್ವರ್ಟರ್ ಇದ್ದರೂ ರೌಟರ್ ಸಾಯುವುದಕ್ಕೆ ಕಾರಣ ಸರಳ. ವೈರಿಂಗ್ ಮಾಡುವಾಗ ಇನ್ವರ್ಟರಿಗೆ ಸೇರಿಸಿದ್ದು ದೀಪ ಮತ್ತು ಫ್ಯಾನು. ರೌಟರ್ ಬಂದದ್ದು ಹತ್ತು ವರ್ಷದ ಮೇಲೆ, ಅದು ಕುಳಿತದ್ದು ಕೇಬಲ್ ಒಳಬಂದ ಕಿಟಕಿಯ ಹತ್ತಿರದ ಪ್ಲಗ್ಗಿನಲ್ಲಿ. ಗೋಡೆ ಒಡೆಯುವ ಬದಲು ರೌಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ತರಬಹುದು. ತರುವ ಮೊದಲು ಈಗಿನ ಅಡಾಪ್ಟರನ್ನು ತಿರುವಿ ಓದಿ: ಹೆಚ್ಚಿನವು 12 ವೋಲ್ಟ್, ಆಂಪಿಯರ್ ಮಾತ್ರ 1, 1.5, 2 ಎಂದು ಬದಲಾಗುತ್ತದೆ. ಯುಪಿಎಸ್‌ನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು. ಒಳಗೆ 2000 ಎಂಎಎಚ್‌ನ ಮೂರು ಸೆಲ್ ಇದ್ದರೆ 22 ವ್ಯಾಟ್-ಅವರ್. ನಷ್ಟ ಕಳೆದು 10 ವ್ಯಾಟಿನ ರೌಟರನ್ನು ಎರಡು ಗಂಟೆಯ ಹತ್ತಿರ ಓಡಿಸುತ್ತದೆ. ಪೊಟ್ಟಣದ ಮೇಲೆ ‘4 ಗಂಟೆ’ ಎಂದು ಬರೆದಿದ್ದರೆ ಅದು ಅರ್ಧ ಹೊಟ್ಟೆಯ ರೌಟರಿನ ಲೆಕ್ಕ. ಇಷ್ಟೆಲ್ಲ ಮಾಡಿದ ಮೇಲೂ ಕೇಬಲ್ಲಿನ ಆ ತುದಿಯ ಯಂತ್ರದ ಬ್ಯಾಟರಿ ಮುಗಿದಿದ್ದರೆ ನಿಮ್ಮ ಯುಪಿಎಸ್ ಚೆಂದವಾಗಿ ದೀಪ ಉರಿಸುತ್ತದೆ, ಅಷ್ಟೆ. ಗುಡುಗು ಶುರುವಾದರೆ ಯುಪಿಎಸ್ಸನ್ನೂ ಗೋಡೆಯಿಂದ ಕಿತ್ತಿಡಿ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ಪ್ಲಗ್ಗಿನಲ್ಲಿ ಬರುತ್ತದೆ.

ಫೈಬರ್ ಪೆಟ್ಟಿಗೆಯ ದೀಪ ಓದಲು ಮನೆಯಲ್ಲಿ ಒಬ್ಬರಾದರೂ ಕಲಿತಿರಬೇಕು. ‘ಎಲ್‌ಓಎಸ್’ ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ಮನೆ ತಲುಪುತ್ತಿಲ್ಲ. ನೂರು ಸಲ ಆಫ್ ಆನ್ ಮಾಡಿದರೂ ಬರುವುದಿಲ್ಲ, ಜಾಯಿಂಟ್ ಹಾಕುವವರೇ ಬರಬೇಕು. ಹಾಗೆ ಹೇಳುವ ಮೊದಲು ಒಂದು ಸುತ್ತು ಹಾಕಿ: ಅಡಿಕೆ ಸೋಗೆ ಬಿದ್ದಿದೆಯೆ, ಮಂಗಗಳು ಜೋಕಾಲಿ ಆಡಿವೆಯೆ, ರಸ್ತೆ ಬದಿಯಲ್ಲಿ ಜೆಸಿಬಿ ಕೆಲಸವಿತ್ತೆ, ಉಳಿದ ಕೇಬಲ್ಲನ್ನು ಯಾರಾದರೂ ಅಚ್ಚುಕಟ್ಟು ಮಾಡಲು ಮೊಳೆಗೆ ಬಿಗಿಯಾಗಿ ಸುತ್ತಿದ್ದಾರೆಯೆ. ಫೈಬರನ್ನು ಬಹಳ ಬಗ್ಗಿಸಿದರೆ ಬೆಳಕು ಬಾಗಿದಲ್ಲೇ ಸೋರಿಹೋಗುತ್ತದೆ. ಸುರುಳಿ ಅಂಗೈಯಗಲವಾದರೂ ಇರಲಿ. ಮಳೆಗಾಲದಲ್ಲಿ ಒಳಬರುವ ಕೇಬಲ್ಲಿನ ಮೇಲೆ ಒದ್ದೆ ಪಂಚೆ ಹರವಿದ್ದಾರೆಯೇ ಎಂಬುದನ್ನೂ ನೋಡಿ. ಹರವಿದವರು ಒಪ್ಪಿಕೊಳ್ಳುವುದಿಲ್ಲ, ಪಂಚೆ ಮಾತ್ರ ಸಾಕ್ಷಿ.

ಎಲ್ಲ ಹಸಿರಾಗಿದ್ದೂ ಆಟ ಬರದಿದ್ದರೆ? 2025ರ ಸೆಪ್ಟೆಂಬರ್ 4ರ ಸಂಜೆ ಏಳೂವರೆಗೆ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಬಿಡುಗಡೆಯಾಯಿತು. 2019ರ ಫೆಬ್ರವರಿಯಲ್ಲಿ ಘೋಷಿಸಿ ಆರೂವರೆ ವರ್ಷ ಕಾಯಿಸಿದ, 20 ಡಾಲರಿನ ಪುಟ್ಟ ಆಟ. ಜಗತ್ತೆಲ್ಲ ಒಟ್ಟಿಗೆ ನುಗ್ಗಿದ್ದಕ್ಕೆ ಸ್ಟೀಮ್ ಮಳಿಗೆಯೇ ಮಲಗಿತು, ನಿಂಟೆಂಡೋ ಮಳಿಗೆಯೂ ತಡವರಿಸಿತು. ಅಂದು ಸಂಜೆ ಮಲೆನಾಡಿನಲ್ಲಿ ಎಷ್ಟು ರೌಟರುಗಳು ಮಾಡದ ತಪ್ಪಿಗೆ ಬೈಸಿಕೊಂಡವೋ.

ಇಳಿಸುವುದಕ್ಕಿಂತ ಕಿರಿಕಿರಿ ಅಪ್‌ಡೇಟಿನದ್ದು. 2 ಜಿಬಿಯ ಅಪ್‌ಡೇಟ್ ಬಂದು ‘40 ಜಿಬಿ ಜಾಗ ಸಾಲದು’ ಎನ್ನುತ್ತದೆ. ಸುಳ್ಳಲ್ಲ. ದೊಡ್ಡ ಫೈಲೊಂದರ ನಡುವಿನ ಒಂದು ಚೂರು ಬದಲಾದರೂ ಸ್ಟೀಮ್ ಆ ಫೈಲನ್ನು ಪಕ್ಕದಲ್ಲಿ ಹೊಸದಾಗಿ ಕಟ್ಟಿ, ಆಮೇಲೆ ಹಳೆಯದನ್ನು ತೆಗೆಯುತ್ತದೆ. ಹಾರ್ಡ್‌ಡಿಸ್ಕ್ ನಿಧಾನವಿದ್ದರೆ ಇಳಿದದ್ದು ಏಳು ನಿಮಿಷ, ಕಟ್ಟಿದ್ದು ಮುಕ್ಕಾಲು ಗಂಟೆ. ದೊಡ್ಡ ಆಟವಿದ್ದಷ್ಟೇ ಜಾಗವನ್ನು ಖಾಲಿ ಬಿಟ್ಟರೆ ಯಾವ ತಕರಾರೂ ಇಲ್ಲ. ಆದರೆ ಹಾಗೆ ಬಿಡಲು ಬೇರೆ ಡಿಸ್ಕ್ ಕೊಳ್ಳಬೇಕು, ಈಗ ಅದಕ್ಕೂ ಕಾಲವಲ್ಲ. ಎಐ ಕಂಪನಿಗಳು ಮೆಮೊರಿ ಚಿಪ್ಪನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ಏರಿದೆ. ಮೈಕ್ರಾನ್ ಕಂಪನಿ 2025ರ ಡಿಸೆಂಬರಿನಲ್ಲಿ ಜನಸಾಮಾನ್ಯರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ‘ಕ್ರೂಶಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ದಿನಾ ಅಡಿಕೆಯ ರಾಶಿ, ಚಾಲಿ ದರ ನೋಡುವ ಮನೆಗಳಲ್ಲಿ ಈಗ ಮಾಣಿ ರ‍್ಯಾಮ್ ದರ ಓದುತ್ತಾನೆ. ಏರಿದರೆ ಖುಷಿಪಡುವವರೂ ಬೇಸರಪಡುವವರೂ ಒಂದೇ ಜಗಲಿಯಲ್ಲಿ ಕೂತಿರುತ್ತಾರೆ.

ಇಷ್ಟೆಲ್ಲದರ ನಡುವೆ ನಂಬಿಕೆಗೆ ಅರ್ಹವಾದ ವೇಗದ ಲೈನ್ ಒಂದಿದೆ: ಬೆಂಗಳೂರಿನಿಂದ ಶಿರಸಿಗೆ ಬರುವ ರಾತ್ರಿ ಬಸ್ಸು. ಅಲ್ಲಿ ಕೆಲಸದಲ್ಲಿರುವ ಅಣ್ಣ 1 ಟಿಬಿ ಡಿಸ್ಕಿನ ತುಂಬ ಆಟ ತುಂಬಿ ಬ್ಯಾಗಿಗೆ ಹಾಕಿಕೊಂಡರೆ, ಒಂಬತ್ತು ಗಂಟೆಯ ದಾರಿಗೆ ಲೆಕ್ಕ ಹಾಕಿ, ಸೆಕೆಂಡಿಗೆ 247 ಮೆಗಾಬಿಟ್. ಮಳೆ ಬಂದರೂ ಕಡಿಮೆಯಾಗುವುದಿಲ್ಲ. ಕಾರವಾರದವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಹೊತ್ತು ಹೆಚ್ಚು ಹಿಡಿದರೂ 150ರ ಮೇಲೆಯೇ. ಎಡವುವುದು ಎರಡು ಕಡೆ. ಪೆನ್‌ಡ್ರೈವ್ ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹತ್ತುವುದೇ ಇಲ್ಲ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿಸಿರಬೇಕು. ಇನ್ನೊಂದು, ಆಟದ ಫೋಲ್ಡರ್ ತಂದು ಅದರ ಜೊತೆಯ ‘ಆಪ್‌ಮ್ಯಾನಿಫೆಸ್ಟ್’ ಎಂಬ ಸಣ್ಣ ಫೈಲನ್ನು ಅಲ್ಲೇ ಬಿಟ್ಟು ಬರುವುದು. ಹಾಗಾದಾಗ ಫೋಲ್ಡರನ್ನು ಸ್ಟೀಮ್‌ಆಪ್ಸ್ ಒಳಗಿನ ಕಾಮನ್‌ನಲ್ಲಿಟ್ಟು, ಇನ್‌ಸ್ಟಾಲ್ ಒತ್ತಿ. ಇರುವ ಫೈಲನ್ನು ಕಂಡುಹಿಡಿದು ಉಳಿದದ್ದನ್ನಷ್ಟೇ ತರಿಸುತ್ತದೆ. ಆಟವನ್ನು ನಿಮ್ಮ ಖಾತೆಯಲ್ಲಿ ಕೊಂಡಿರಬೇಕು ಅನ್ನಿ. ಅಣ್ಣ ಹೊತ್ತು ತರುವುದು ಭಾರ, ಬಿಲ್ಲು ನಿಮ್ಮದೇ.

ಡೌನ್‌ಲೋಡಿನ ಗೊಡವೆಯೇ ಬೇಡ, ಡಬ್ಬಿ ತರೋಣ ಎಂದರೆ ಡಬ್ಬಿಯೂ ಹಳೆಯ ಡಬ್ಬಿಯಲ್ಲ. 2025ರ ಜೂನ್ 5ರಂದು ಬಂದ ನಿಂಟೆಂಡೋ ಸ್ವಿಚ್ 2 ಎಂಬ ಆಟದ ಯಂತ್ರಕ್ಕೆ ‘ಗೇಮ್-ಕೀ ಕಾರ್ಡ್’ ಎಂಬ ಹೊಸ ವಸ್ತು ಇದೆ. ಅದರಲ್ಲಿ ಆಟವಿಲ್ಲ, ಬೀಗದ ಕೈ ಇದೆ. ತೂರಿಸಿದರೆ ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತದೆ, ಇಳಿಸಿದ ಮೇಲೂ ಆಡುವಾಗ ಕಾರ್ಡ್ ತೂರಿಸಿಯೇ ಇರಬೇಕು. ಕಾರ್ಡ್ ಕಳೆದರೂ ಆಟವಿಲ್ಲ, ಇಳಿಸುವ ಮೊದಲು ಲೈನ್ ಹೋದರೂ ಆಟವಿಲ್ಲ. ಎರಡೂ ಕಡೆಯ ಕಷ್ಟವನ್ನು ಇಷ್ಟು ಜಾಣತನದಿಂದ ಒಂದುಗೂಡಿಸಿದ್ದು ಮೆಚ್ಚಬೇಕಾದದ್ದೇ. ಅದರ ಪಕ್ಕದಲ್ಲೇ ‘ಸೈಬರ್‌ಪಂಕ್ 2077’ ಮಾತ್ರ 64 ಜಿಬಿ ಕಾರ್ಡಿನಲ್ಲಿ ಇಡಿಯಾಗಿ ಬಂತು. 2020ರಲ್ಲಿ ಇದೇ ಆಟ ಎಷ್ಟು ಅರೆಬೆಂದಿತ್ತೆಂದರೆ, ಡಿಸೆಂಬರ್ 10ಕ್ಕೆ ಬಿಡುಗಡೆಯಾಗಿ 18ಕ್ಕೆ ಪ್ಲೇಸ್ಟೇಷನ್ ಮಳಿಗೆಯಿಂದ ಹೊರಬಿದ್ದಿತ್ತು. ಸುಧಾರಿಸಿದವರನ್ನು ಹೊಗಳಲೇಬೇಕು.

ಹೊರಬಿದ್ದು ಬಾರದೇ ಹೋದದ್ದೂ ಇದೆ. ಸೋನಿಯ ‘ಕಾಂಕಾರ್ಡ್’ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಬಾಗಿಲು ಹಾಕಿತು, ಕೊಂಡವರಿಗೆ ದುಡ್ಡು ವಾಪಸ್. ಹದಿನಾಲ್ಕು ದಿನ. ದಿನಕ್ಕೆ 2 ಜಿಬಿಯವರಿಗೆ ಆ ಅವಧಿಯಲ್ಲಿ ಇಳಿಯುವುದು 28 ಜಿಬಿ. ಅದಕ್ಕಿಂತ ದೊಡ್ಡದಾದ ಯಾವ ಆಟ ಹೀಗೆ ಮಾಡಿದರೂ ಅದು ಘಟ್ಟ ಹತ್ತುವ ಮೊದಲೇ ತೀರಿಹೋಗಿರುತ್ತದೆ.

ಹಾಗಾದರೆ ಕೊಂಡದ್ದೇನು? ಪರವಾನಗಿ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕೆಂದು ಕಾನೂನೇ ಆಯಿತು. 2024ರ ಅಕ್ಟೋಬರಿನಿಂದ ಸ್ಟೀಮ್ ದುಡ್ಡು ಕಟ್ಟುವ ಪುಟದಲ್ಲಿ ‘ನೀವು ಪಡೆಯುತ್ತಿರುವುದು ಪರವಾನಗಿ’ ಎಂದು ಬರೆಯುತ್ತಿದೆ. ಅಮೆರಿಕದವರು ಬೆಚ್ಚಿಬಿದ್ದರು. ನಮ್ಮ ಸೊಪ್ಪಿನ ಬೆಟ್ಟ ಕಂಡವರಿಗೆ ಇದರಲ್ಲಿ ಹೊಸದೇನಿಲ್ಲ: ತೋಟ ನಮ್ಮದು, ಬೆಟ್ಟದಿಂದ ಸೊಪ್ಪು ದರಕು ತರುವ ಹಕ್ಕು ನಮ್ಮದು, ನೆಲ ಸರ್ಕಾರದ್ದು. ಆದರೂ ಬೆಟ್ಟದ ಹಕ್ಕು ಅಜ್ಜನಿಂದ ಮೊಮ್ಮಗನಿಗೆ ಬಂದಿದೆ. 2014ರಲ್ಲಿ ಬಂದ ‘ದ ಕ್ರೂ’ ಎಂಬ ಕಾರು ಓಡಿಸುವ ಆಟದ ಸರ್ವರನ್ನು 2024ರ ಮಾರ್ಚ್ 31ಕ್ಕೆ ಆರಿಸಿದಾಗ, ಡಿಸ್ಕ್ ಕೈಯಲ್ಲಿದ್ದವನೂ ಒಬ್ಬನೇ ಕೂತು ಆಡಲಾಗಲಿಲ್ಲ. ಅದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಅರ್ಜಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ಕೊನೆಗೆ ಎಲ್ಲರೂ ಕೇಳುವುದು ‘ಗ್ರ್ಯಾಂಡ್ ಥೆಫ್ಟ್ ಆಟೋ’ ಸರಣಿಯ ಮುಂದಿನ ಆಟ, ಜಿಟಿಎ 6. ಹಿಂದಿನದು 2013ರ ಸೆಪ್ಟೆಂಬರ್ 17ಕ್ಕೆ ಬಂದಿತ್ತು. ಅಲ್ಲಿಂದೀಚೆಗೆ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆಯಂತೆ ಏಳು ಮಾರಿಕಾಂಬಾ ಜಾತ್ರೆಗಳ ವರ್ಷ ಬಂತು. ಮೊದಲು 2025ರ ಕೊನೆ ಎಂದರು. ಆಮೇಲೆ 2026ರ ಮೇ 26 ಎಂದರು. ನಮ್ಮ ಕಡೆಗೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ: ಶಾಲೆಗೆ ರಜೆ, ಕೊಯ್ಲು ಮುಗಿದಿದೆ, ಮಳೆ ಹಿಡಿದಿಲ್ಲ. 2025ರ ನವೆಂಬರಿನಲ್ಲಿ ಅದನ್ನೂ ತಿದ್ದಿ 2026ರ ನವೆಂಬರ್ 19 ಎಂದರು. ಅಡಿಕೆ ಕೊಯ್ಲು ಶುರುವಾಗುವ ಹೊತ್ತು! ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯೆದುರು ಕೂತು ಅಡಿಕೆ ಸುಲಿಯಬೇಕಾದ ಕೈಗೆ ಕಂಟ್ರೋಲರ್ ಯಾರು ಕೊಡುತ್ತಾರೆ? ಸೈಬರ್‌ಪಂಕ್ ಕೂಡ 2020ರಲ್ಲಿ ಇದೇ ನವೆಂಬರ್ 19ನ್ನು ಹೇಳಿ ಮತ್ತೆ ಮುಂದೆ ಹಾಕಿತ್ತು ಎಂಬುದನ್ನು ಬೇಕಾದವರು ನೆನಪಿಟ್ಟುಕೊಳ್ಳಲಿ.

ಅಂದಹಾಗೆ ಈ ತಾರೀಖು ಪ್ಲೇಸ್ಟೇಷನ್ 5 (ಪಿಎಸ್ 5) ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಇದ್ದವರಿಗೆ ಮಾತ್ರ. ಮೊದಲ ಮಾದರಿಯ ಪಿಎಸ್ 5 ಆದರೆ 825 ಜಿಬಿಯಲ್ಲಿ ಆಟಕ್ಕೆ ಸಿಗುವುದು 667. ಅಕ್ಟೋಬರಿನಲ್ಲೇ ಹಳೆಯದನ್ನು ಗುಡಿಸಿ 200 ಜಿಬಿ ಖಾಲಿ ಇಟ್ಟುಕೊಳ್ಳಿ, ಬಿಡುಗಡೆಗೆ ಮೊದಲೇ ಇಳಿಸಿಕೊಳ್ಳುವ ‘ಪ್ರಿಲೋಡ್’ ಕೊಟ್ಟರೆ ಅದರ ಮೊದಲ ದಿನವೇ ಹಚ್ಚಿ. ಪಿಸಿಯವರಿಗೆ ತಾರೀಖೇ ಕೊಟ್ಟಿಲ್ಲ. ಜಿಟಿಎ 5 ಕನ್ಸೋಲಿನಿಂದ ಪಿಸಿಗೆ ಬರಲು 19 ತಿಂಗಳು ಹಿಡಿದಿತ್ತು. ಅದೇ ಲೆಕ್ಕ ಹಿಡಿದರೆ 2028ರ ಜೂನ್, ಅಂದರೆ ಮಳೆಗಾಲ. ರೌಟರಿನ ಯುಪಿಎಸ್‌ನ ಸೆಲ್ ಅಷ್ಟರಲ್ಲಿ ಒಮ್ಮೆ ಬದಲಿಸಿರಿ.