ಸಿನಿಮಾ ಹರಟೆಗೆ ರಾಜಕೀಯ ಬೇಕೆ?

ಪರ: ಅದು ಮೊದಲೇ ಬಂದು ಕೂತಿದೆ

"ಸಿನಿಮಾನ ಸಿನಿಮಾ ಥರ ನೋಡ್ರಿ, ಅದರಲ್ಲೂ ಯಾಕ್ರೀ ರಾಜಕೀಯ?" ಈ ಮಾತು ಯಾವಾಗ ಬರುತ್ತದೆ ಎಂದು ಸ್ವಲ್ಪ ಗಮನಿಸಿ. ಮೆಚ್ಚಿನ ನಾಯಕ ನಾಯಕಿಯ ಕೆನ್ನೆಗೆ ಬಾರಿಸಿದ್ದನ್ನೋ, ಊರಗೌಡನನ್ನು ದೇವರ ಪಟ್ಟಕ್ಕೆ ಕೂರಿಸಿದ್ದನ್ನೋ ಯಾರಾದರೂ ಪ್ರಶ್ನಿಸಿದಾಗ ಬರುತ್ತದೆ. ಕಾವೇರಿಯ ಮಾತೆತ್ತಿದರೆ ಅದೇ ಮನುಷ್ಯ ಚಿತ್ರಮಂದಿರದ ಮುಂದೆ ಪೋಸ್ಟರ್ ಹರಿಯಲು ಎಲ್ಲರಿಗಿಂತ ಮೊದಲು ಹೋಗಿ ನಿಂತಿರುತ್ತಾನೆ. ಆಗ ಅದು ನಾಡಿನ ಸ್ವಾಭಿಮಾನ! ಇವರ ತಕರಾರೆಲ್ಲ ಎದುರಿನವನ ರಾಜಕೀಯದ ಮೇಲೆ ಮಾತ್ರ.

ಕನ್ನಡ ಸಿನಿಮಾದಿಂದ ರಾಜಕೀಯವನ್ನು ಸೋಸಿ ತೆಗೆಯುತ್ತೇನೆ ಎಂದು ಹೊರಟರೆ ಜರಡಿಯಲ್ಲಿ ಉಳಿಯುವುದು ಕಡಿಮೆ. 1970ರ 'ಸಂಸ್ಕಾರ'ವನ್ನೇ ನೋಡಿ. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸುಡುವವರಿಲ್ಲ. ಇಷ್ಟು ಕಥೆಗೇ ಮದರಾಸಿನ ಸೆನ್ಸಾರ್‌ನವರು ಬೆಚ್ಚಿ ಚಿತ್ರವನ್ನು ತಡೆದರು. ಆಮೇಲೆ ಅದೇ ಚಿತ್ರಕ್ಕೆ ಸ್ವರ್ಣಕಮಲ ಬಂತು, ಕನ್ನಡಕ್ಕೆ ಮೊದಲನೆಯದು. ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆ ಸೇರಿದರು. ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಮುಖವನ್ನು ಪರದೆಯ ಮೇಲೆ ಕಂಡಾಗ ಇದೆಲ್ಲ ನೆನಪಾಗಬಾರದು ಅಂದರೆ ಹೇಗೆ?

ಅಭಿಮಾನಿ ಸಂಘಗಳ ಕಥೆಯೂ ಇದೇ. 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಇಳಿಯುವ ತನಕ ಅದು ಹೆಚ್ಚಾಗಿ ಸಾಹಿತಿಗಳ, ಮೇಷ್ಟ್ರುಗಳ ಹೋರಾಟವಾಗಿತ್ತು. ಅವರು ಊರೂರು ಸುತ್ತಿದ ಮೇಲೆ ಮೈದಾನಗಳು ತುಂಬಿದವು. ಮಕ್ಕಳು ಶಾಲೆಯಲ್ಲಿ ಯಾವ ಭಾಷೆಯನ್ನು ಮೊದಲು ಕಲಿಯಬೇಕು ಎಂಬ ಪ್ರಶ್ನೆಯನ್ನು ಬೀದಿಗೆ ತಂದವರಲ್ಲಿ ಹಿಂದಿನ ವಾರ ಕಟೌಟಿಗೆ ಹಾರ ಹಾಕಿದವರೂ ಇದ್ದರು.

ಈಗಲೂ ಅಷ್ಟೇ. 2019ರ ಲೋಕಸಭಾ ಚುನಾವಣೆಗೆ ಮಂಡ್ಯದಲ್ಲಿ ನಟಿ ಸುಮಲತಾ ಪಕ್ಷೇತರರಾಗಿ ನಿಂತಾಗ ದರ್ಶನ್, ಯಶ್ ಜೋಡೆತ್ತುಗಳಾಗಿ ಊರೂರು ಅಲೆದರು. ಎದುರಾಳಿ ನಿಖಿಲ್ ಕುಮಾರಸ್ವಾಮಿ, ಅವರೂ ನಟರೇ. ಗೆಲುವಿನ ಅಂತರ 1.25 ಲಕ್ಷ ಮತ ದಾಟಿತು. ತಾರೆಗಳು ನಮ್ಮ ಮನೆಬಾಗಿಲಿಗೆ ಬಂದು ಮತ ಕೇಳಬಹುದಂತೆ, ನಾವು ಅವರ ಸಿನಿಮಾದ ಬಗ್ಗೆ ಮಾತಾಡುವಾಗ ಮಾತ್ರ ಅದನ್ನು ಮರೆಯಬೇಕಂತೆ. ಇದು ಯಾವ ನ್ಯಾಯ? ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿದ 2025ರ ಸರ್ಕಾರಿ ಆದೇಶ ಹೈಕೋರ್ಟ್ ಮೆಟ್ಟಿಲೇರಿತು. ನಾನು ಸಿನಿಮಾ ನೋಡಬೇಕೋ ಬೇಡವೋ ಎಂಬುದೇ ಅಲ್ಲಿ ತೀರ್ಮಾನವಾಗುವಾಗ ನನ್ನ ಹರಟೆ ಮಾತ್ರ ಯಾಕೆ ಮಡಿ ಉಟ್ಟುಕೊಂಡಿರಬೇಕು?

ವಿರೋಧ: ಹೊರಗಿನ ಜಗಳ ಒಳಗಿನದನ್ನು ನುಂಗುತ್ತದೆ

ಮೇಲಿನವರ ಮಾತಿನಲ್ಲಿ ಸುಳ್ಳಿಲ್ಲ. 'ಸಂಸ್ಕಾರ'ವನ್ನು ಜಾತಿಯ ಮಾತಿಲ್ಲದೆ ಮಾತಾಡಲಾಗದು, ಒಪ್ಪಿದೆ. ಆದರೆ ಆ ಅಗ್ರಹಾರವನ್ನು ಕಪ್ಪುಬಿಳುಪಿನಲ್ಲಿ ಹಿಡಿದವನು ಟಾಮ್ ಕೋವನ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ. ಐದು ದಶಕಗಳಿಂದ ನಡೆದಿರುವ ಚರ್ಚೆಯಲ್ಲಿ ಅವನ ಹೆಸರು ಎಷ್ಟು ಸಲ ಬಂದಿದೆ? ಕನ್ನಡದ ಒಂದು ಅಕ್ಷರ ಬಾರದವನು ಆ ಬಿಸಿಲನ್ನು, ಆ ಮುಖಗಳನ್ನು ಹೇಗೆ ಓದಿಕೊಂಡ? ನನಗೆ ಆ ಹರಟೆ ಬೇಕು, ಅದು ಸಿಗುವುದೇ ಇಲ್ಲ.

ನಾನು ಕೆ.ಜಿ. ರಸ್ತೆಯಲ್ಲಿ ಸಾಲಿನಲ್ಲಿ ನಿಂತು ಟಿಕೆಟ್ ಕೊಂಡವನು. ಇಂಟರ್ವಲ್‌ನಲ್ಲಿ ಬೋಂಡ ತಿನ್ನುತ್ತಾ ಪಕ್ಕದ ಅಪರಿಚಿತನ ಜೊತೆ ಜಗಳ ಆಡಿದ್ದೂ ಉಂಟು. ಅವನ ಪಕ್ಷ ಯಾವುದು, ಜಾತಿ ಯಾವುದು ನನಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಈಗ ಸಿನಿಮಾ ಚೆನ್ನಾಗಿತ್ತು ಅಂದರೆ "ಓ, ಆ ಕಡೆಯವನಾ?", ಚೆನ್ನಾಗಿರಲಿಲ್ಲ ಅಂದರೆ "ಗೊತ್ತಿತ್ತು ಬಿಡು."

ಇನ್ನೂ ದೊಡ್ಡ ನಷ್ಟ ಬೇರೆ ಇದೆ. 2018ರ 'ಕಾಲಾ' ನೆನಪಿಸಿಕೊಳ್ಳಿ. ಪಾ. ರಂಜಿತ್ ಧಾರಾವಿಯ ಬಡವರ ನೆಲದ ಬಗ್ಗೆ ಮಾಡಿದ ಸಿನಿಮಾ. ನೆಲ ಯಾರದ್ದು, ಕೊಳೆಗೇರಿಯನ್ನು ಚೊಕ್ಕ ಮಾಡುತ್ತೇವೆ ಅನ್ನುವವರ ಮನಸ್ಸಿನಲ್ಲಿ ಏನಿದೆ, ಇಂಥ ಪ್ರಶ್ನೆಗಳನ್ನು ತಾರಾಪಟ್ಟದ ಸಿನಿಮಾವೊಂದು ಎತ್ತಿತ್ತು. ನಿಜಕ್ಕೂ ರಾಜಕೀಯ ಮಾತಾಡಬೇಕಿದ್ದ ಚಿತ್ರ. ಕರ್ನಾಟಕದಲ್ಲಿ ನಾವು ಮಾತಾಡಿದ್ದು ಏನು? ಕಾವೇರಿ ಬಗ್ಗೆ ಚಿತ್ರದ ನಾಯಕ ರಜನಿಕಾಂತ್ ಹೇಳಿದ್ದು. ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿ ಬಿಡುಗಡೆ ಬೇಡ ಎಂದಿತು, ವಿಷಯ ಕೋರ್ಟಿಗೆ ಹೋಯಿತು. ಧಾರಾವಿಯ ಜನರ ಮಾತಿಗೆ ಜಾಗವೇ ಉಳಿಯಲಿಲ್ಲ. ಹೊರಗಿನಿಂದ ಬಂದ ರಾಜಕೀಯ ಸಿನಿಮಾದೊಳಗಿನ ರಾಜಕೀಯವನ್ನು ಹೊಸ್ತಿಲಿಂದಾಚೆಗೆ ತಳ್ಳಿತು. ರಾಜಕೀಯ ಬೇಕು ಅನ್ನುವವರು ಇದನ್ನು ಯೋಚಿಸುವುದಿಲ್ಲ.

ಮಾತಾಡಲು ಬಿಟ್ಟರೆ ಅಧಿಕಾರವೂ ಅದೇ ಬೆಂಚಿನಲ್ಲಿ ಬಂದು ಕೂರುತ್ತದೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು. 2025ರ ಮಾರ್ಚ್‌ನಲ್ಲಿ ಬೆಂಗಳೂರು ಚಲನಚಿತ್ರೋತ್ಸವದ ಉದ್ಘಾಟನೆಗೆ ಬಂದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್, ಮೇಕೆದಾಟು ಪಾದಯಾತ್ರೆಗೆ ಬಾರದ ಕಲಾವಿದರ ನಟ್ಟು ಬೋಲ್ಟು ಟೈಟ್ ಮಾಡುವುದು ಗೊತ್ತು ಅಂದರು. ರಾಜ್‌ಕುಮಾರ್ ಗೋಕಾಕ್ ಚಳವಳಿಗೆ ಇಳಿದರು, ಚುನಾವಣೆಗೆ ಎಂದೂ ನಿಲ್ಲಲಿಲ್ಲ. ಹೌದು ಅನ್ನುವ ಹಾಗೆಯೇ ಒಲ್ಲೆ ಅನ್ನುವುದೂ ಅವರ ಕೈಯಲ್ಲಿತ್ತು. ಇಂದಿನ ನಟ ಬಾಯಿ ತೆರೆದರೂ ತಪ್ಪು, ಮುಚ್ಚಿದರೂ ತಪ್ಪು. ಮಂಡ್ಯದ ಉದಾಹರಣೆ ಕೊಟ್ಟರಲ್ಲ, ಅಲ್ಲಿನ "ನಿಖಿಲ್ ಎಲ್ಲಿದ್ದೀಯಪ್ಪ" ಹುಟ್ಟಿದ್ದೇ ಅವರ ಮೊದಲ ಸಿನಿಮಾದ ಸಮಾರಂಭದಲ್ಲಿ, ಅಪ್ಪ ಕುಮಾರಸ್ವಾಮಿ ಮಗನನ್ನು ಕರೆದ ಮಾತು. ಮೂರು ವರ್ಷದ ಬಳಿಕ ಅದು ಚುನಾವಣೆಯ ನಗೆಚಟಾಕಿಯಾಯಿತು. ಆ ಹುಡುಗನಿಗೆ ನಟನೆ ಬರುತ್ತದೋ ಇಲ್ಲವೋ ಎಂದು ಆಮೇಲೆ ಯಾರೂ ಕೇಳಲಿಲ್ಲ.

ಹೋದ ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 'ಥಗ್ ಲೈಫ್' ಗಲಾಟೆ. 2025ರ ಮೇನಲ್ಲಿ ಚೆನ್ನೈನ ವೇದಿಕೆಯಲ್ಲಿ ಆ ಚಿತ್ರದ ನಾಯಕ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತು ಅಂದರು. ತಪ್ಪು ಮಾತು, ಭಾಷಾಶಾಸ್ತ್ರ ಓದಿದ ಯಾರೂ ಒಪ್ಪುವುದಿಲ್ಲ. ಅದನ್ನು ಹೇಳಿ ಮುಗಿಸಬಹುದಿತ್ತು. ಕ್ಷಮೆ ಕೇಳದಿದ್ದರೆ ಬಿಡುಗಡೆ ಇಲ್ಲ ಎಂದಾಯಿತು. ಪ್ರಮಾಣಪತ್ರ ಪಡೆದ ಚಿತ್ರವನ್ನು ಗುಂಪುಗಳು ತಡೆಯಲಾಗದು ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ ಜೂನ್ 5ರ ಬಿಡುಗಡೆಯ ದಿನ ದಾಟಿಹೋಗಿತ್ತು. ಚಿತ್ರ ನಮ್ಮ ರಾಜ್ಯದ ಥಿಯೇಟರ್‌ಗಳಿಗೆ ಬರಲೇ ಇಲ್ಲ. ನಿರ್ದೇಶಕ ಮಣಿರತ್ನಂ ಸಿನಿಮಾ ಶುರು ಮಾಡಿದ್ದೇ ಕನ್ನಡದಲ್ಲಿ, 1983ರ 'ಪಲ್ಲವಿ ಅನುಪಲ್ಲವಿ'ಯಿಂದ. ಕಮಲ್ 1977ರಲ್ಲೇ ಕನ್ನಡದ 'ಕೋಕಿಲಾ'ದ ನಾಯಕ. ಅವರದೇ 'ಪುಷ್ಪಕ ವಿಮಾನ'ವಂತೂ ಬೆಂಗಳೂರಿನ ಬೀದಿಗಳಲ್ಲಿ, ಇಲ್ಲಿನ ಹೋಟೆಲಿನಲ್ಲಿ ಚಿತ್ರೀಕರಣಗೊಂಡಿತು, ಒಂದೇ ಒಂದು ಸಂಭಾಷಣೆ ಇಲ್ಲದ ಸಿನಿಮಾ.

ಗಲಾಟೆಯ ದಿನಗಳಲ್ಲಿ ಗೆಳೆಯರ ಜೊತೆ ಕಾಫಿಗೆ ಕೂತಾಗ ಈ 'ಪುಷ್ಪಕ ವಿಮಾನ'ವೇ ನೆನಪಾಯಿತು. ಆ ಕೊಲೆಗಾರ ಮಂಜುಗಡ್ಡೆಯ ಚಾಕು ಹಿಡಿದು ಬರುತ್ತಾನಲ್ಲ, ಅದು ಕರಗುವುದರಲ್ಲಿ ಎಂಥ ತಮಾಷೆ ಎಂದು ಶುರು ಮಾಡಿದೆ. ಇಬ್ಬರು ನಕ್ಕರು. ಮೂರನೆಯವನು ಲೋಟ ಕೆಳಗಿಟ್ಟು, "ಅದೆಲ್ಲ ಇರಲಿ, ಅವನು ಸಾರಿ ಕೇಳಿದ್ನಾ?" ಅಂದ.